ಯಾವ ಏರ್‌ಲೈನ್ ಬೇಡ, ಯಾಕೆ ಬೇಡ? ಅಪ್ಪ-ಅಮ್ಮನ ಹ್ಯಾಂಬರ್ಗ್ ಟಿಕೆಟ್‌ಗೆ ಸಲಹೆ ಕೊಡಿ

ಮದ್ದೂರ್_ಹುಡುಗ

ಎಲ್ಲರಿಗೂ ನಮಸ್ಕಾರ. ಅಕ್ಕ ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದಾಳೆ. ಮಾರ್ಚ್ ಕೊನೆಗೆ ಹೆರಿಗೆ. ಅಪ್ಪ-ಅಮ್ಮ ಬಾಣಂತನಕ್ಕೆ ಹೊರಟಿದ್ದಾರೆ. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರಯಾಣ. ಅಮ್ಮನಿಗೆ ಮಂಡಿ ನೋವು, ವೀಲ್‌ಚೇರ್ ಬೇಕೇ ಬೇಕು. ವೀಸಾ ಬಂತು. ಟಿಕೆಟ್ ಮಾಡಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ.

ಕಡಿಮೆ ರೇಟಿಗೆ ಸಿಗುತ್ತಿರುವುದು ಬೆಂಗಳೂರು–ಮುಂಬೈ–ಇಸ್ತಾನ್‌ಬುಲ್–ಹ್ಯಾಂಬರ್ಗ್. ಮೊದಲ ಎರಡು ಇಂಡಿಗೋ, ಕೊನೆಯದು ಟರ್ಕಿಶ್ ಏರ್‌ಲೈನ್ಸ್. ದುಬೈ ಅಥವಾ ದೋಹಾ ಮೇಲೆ ಹೋದರೆ ಸ್ವಲ್ಪ ಜಾಸ್ತಿ. ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್ ಮೇಲೆ ಹೋದರೆ ಇಬ್ಬರಿಗೂ ಸೇರಿ ಮೂವತ್ತೈದು ಸಾವಿರ ಜಾಸ್ತಿ.

ಮನೆಯಲ್ಲಿ ದಿನಾ ಇದೇ ಮಾತು. ಅಪ್ಪ "ಟರ್ಕಿಯವರದು ಬೇಡ, ಪಾಕಿಸ್ತಾನಕ್ಕೆ ಡ್ರೋನ್ ಕೊಟ್ಟವರು" ಅಂತಾರೆ. ಅಮ್ಮ ಅಹಮದಾಬಾದ್ ವಿಡಿಯೊ ನೋಡಿದಾಗಿನಿಂದ ಏರ್ ಇಂಡಿಯಾ ಹೆಸರೆತ್ತಿದರೆ ಅಡುಗೆಮನೆಗೆ ಎದ್ದು ಹೋಗುತ್ತಾರೆ. ಭಾವ "ಬೋಯಿಂಗ್ ಬೇಡ" ಅಂತ ಮೆಸೇಜ್ ಹಾಕಿದ್ದಾರೆ. ಚಿಕ್ಕಪ್ಪನಿಗೆ ಗಲ್ಫ್ ಮೇಲೆ ಹೋಗುವುದೇ ಭಯ. ಎಲ್ಲರ ಮಾತೂ ಕೇಳಿದರೆ ಹಡಗು ಹತ್ತಿಸಬೇಕು. ಇದರಲ್ಲಿ ಯಾವ ಭಯ ನಿಜ, ಯಾವುದು ಸುಮ್ನೆ? ತಿಳಿದವರು ಹೇಳಿ.

ಸಕ್ಕರೆ_ನಾಡು

ನಿಮ್ಮ ತಂದೆ ಹೇಳಿದ್ದೇ ಸರಿ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನ 36 ಕಡೆ 300ರಿಂದ 400 ಡ್ರೋನ್ ಬಿಟ್ಟಿತು. ಬಿದ್ದ ಚೂರುಗಳನ್ನು ನೋಡಿದರೆ ಟರ್ಕಿಯ ಸೋಂಗಾರ್ ಡ್ರೋನ್ ಇರಬೇಕು ಅಂತ ಸೇನೆಯವರು ಪತ್ರಿಕಾಗೋಷ್ಠಿಯಲ್ಲೇ ಹೇಳಿದರು. ಅದಾದ ಮೇಲೆ ಮೇ 15ಕ್ಕೆ ಸರ್ಕಾರ ಚೆಲೆಬಿ ಕಂಪನಿಯ ಸೆಕ್ಯುರಿಟಿ ಕ್ಲಿಯರೆನ್ಸ್ ರದ್ದು ಮಾಡಿತು. ನಮ್ಮ ಒಂಬತ್ತು ಏರ್‌ಪೋರ್ಟ್‌ಗಳಲ್ಲಿ ಲಗೇಜು, ಸರಕು ನೋಡಿಕೊಳ್ಳುತ್ತಿದ್ದ ಟರ್ಕಿ ಕಂಪನಿ ಅದು. ಕೋರ್ಟಿಗೆ ಹೋದರು. ಜುಲೈನಲ್ಲಿ ದೆಹಲಿ ಹೈಕೋರ್ಟ್ ಸರ್ಕಾರದ ಆದೇಶ ಸರಿ ಅಂದಿತು.

ಇನ್ನು ಟರ್ಕಿಶ್ ಏರ್‌ಲೈನ್ಸ್‌ನಲ್ಲಿ ಶೇ 49ರಷ್ಟು ಪಾಲು ಅಲ್ಲಿನ ಸರ್ಕಾರಿ ನಿಧಿಯದು. ನಿಮ್ಮ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಿ. ಮೂವತ್ತೈದು ಸಾವಿರಕ್ಕೆ ಹಿಂದೆ ಮುಂದೆ ನೋಡಬೇಡಿ.

ಗೆಜ್ಜಲಗೆರೆ_ಗಾಡಿ

ಮೂವತ್ತೈದು ಸಾವಿರ ಅಂದ್ರೆ ಎಷ್ಟು ಟನ್ ಕಬ್ಬು ಅಂತ ಗೊತ್ತೇನಣ್ಣ? ಬುಡಿ ಅತ್ಲಾಗೆ, ದುಡ್ಡು ಕೊಡುವವರು ಅವರು.

ಉದಯಗಿರಿಯಿಂದ

ಟರ್ಕಿಯವರ ಪರ ವಾದ ಮಾಡಲು ನಾನು ಬಂದಿಲ್ಲ. ಬೇಡ ಅನ್ನಿಸಿದರೆ ಬಿಡಿ. ಆದರೆ ಅದೇ ಮೇ ತಿಂಗಳಲ್ಲಿ ಪಾಕಿಸ್ತಾನ ಹಾರಿಸಿದ್ದು ಚೈನಾದ ಜೆ-10 ಯುದ್ಧವಿಮಾನ. ಅಕ್ಟೋಬರ್‌ನಲ್ಲಿ ಇಂಡಿಗೋ ಕೋಲ್ಕತ್ತದಿಂದ ಚೈನಾದ ಗುವಾಂಗ್‌ಝೌಗೆ ವಿಮಾನ ಶುರು ಮಾಡಿದಾಗ ಯಾರೂ ಬಾಯ್ಕಾಟ್ ಅನ್ನಲಿಲ್ಲ. ಚೆಲೆಬಿ ವಿಷಯವೂ ಅಷ್ಟೇ. ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಕೆಲಸಕ್ಕಿದ್ದಾರೆ ಅಂತ ಕಂಪನಿಯೇ ಹೇಳಿತ್ತು. ಪೆಟ್ಟು ಮೊದಲು ಬಿದ್ದದ್ದು ಯಾರಿಗೆ?

ನಮ್ಮ ಮನೆಯಲ್ಲೂ ಒಂದು ಪಟ್ಟಿ ಇದೆ. ಗಾಜಾ ಯುದ್ಧ ಶುರುವಾದ ಮೇಲೆ ಇಸ್ರೇಲ್‌ನ ಏರ್‌ಲೈನ್ ಹತ್ತುವುದಿಲ್ಲ ಅಂತ ನಮ್ಮ ಮಾಮು ಶಪಥ ಮಾಡಿದ್ದಾರೆ. ಅವರು ಹೋಗುವುದು ಉಮ್ರಾಗೆ, ಇಲ್ಲವೇ ಶಿವಾಜಿನಗರಕ್ಕೆ. ಶಪಥಕ್ಕೆ ಖರ್ಚೇನೂ ಇಲ್ಲ.

ಇನ್ನೊಂದು ಮಾತು. ಈ ಚರ್ಚೆ ಟರ್ಕಿಯಿಂದ ಶುರುವಾಗಿ ಎಮಿರೇಟ್ಸ್, ಕತಾರ್, ಸೌದಿಯಾ ಎಲ್ಲವೂ "ಅವರದು" ಅನ್ನುವ ಕಡೆಗೆ ಹೊರಳುವುದನ್ನು ಬೇರೆ ಕಡೆ ನೋಡಿದ್ದೇನೆ. ಇಲ್ಲಿ ಅದು ಬೇಡ.

ಸಕ್ಕರೆ_ನಾಡು

ಅಲ್ಲಿಗೆ ನಾನು ಹೋಗಿಲ್ಲ ಸಾರ್, ಹೋಗುವುದೂ ಇಲ್ಲ. ಚೈನಾ ಮಾತು ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಬಿಡಲು ಆಗಲ್ಲ ಅಂತ ಒಂದನ್ನೂ ಬಿಡಬಾರದಾ?

ನಿರ್ವಾಹಕ

ಇಬ್ಬರೂ ಮರ್ಯಾದೆಯಿಂದ ಮಾತಾಡುತ್ತಿದ್ದೀರಿ, ಸಂತೋಷ. ಹೀಗೇ ಇರಲಿ. ಧರ್ಮ ಎತ್ತಿದ ಮೂರು ಕಾಮೆಂಟ್ ತೆಗೆದಿದ್ದೇನೆ.

ಹಳೇ_ಹ್ಯಾಂಗರ್

ನಾನು ವಿಮಾನ ರಿಪೇರಿ ಕೆಲಸದಲ್ಲಿದ್ದು ನಿವೃತ್ತನಾದವನು, ಈಗ ಮೈಸೂರು ವಿಜಯನಗರದಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು, ತಂದೆಯವರ ಬೇಡ ಬೇರೆ, ತಾಯಿಯವರ ಬೇಡ ಬೇರೆ. ಒಂದು ಮನಸ್ಸಾಕ್ಷಿಯದು, ಇನ್ನೊಂದು ಪ್ರಾಣದ್ದು. ಟರ್ಕಿಶ್ ಬೇಡ ಅನ್ನುವವರು "ಅದು ಸೇಫ್ ಅಲ್ಲ" ಅಂತ ಸೇರಿಸುತ್ತಾರೆ. ಅದಕ್ಕೆ ಆಧಾರ ಇಲ್ಲ. ಯೂರೋಪಿನ ಬಹುತೇಕ ಎಲ್ಲ ದೊಡ್ಡ ಊರುಗಳಿಗೂ ಹೋಗುವ ಕಂಪನಿ ಅದು. ರಾಜಕೀಯ ಕಾರಣ ಇದ್ದರೆ ರಾಜಕೀಯ ಕಾರಣ ಅಂತಲೇ ಹೇಳಿ. ಅದರಲ್ಲಿ ನಾಚಿಕೆ ಪಡುವುದೇನಿದೆ?

ಸೇಫ್ ಹೌದೋ ಅಲ್ಲವೋ ಅಂತ ಹೇಗೆ ನೋಡುವುದು? ಯೂರೋಪ್ ಒಕ್ಕೂಟ ಒಂದು ನಿಷೇಧ ಪಟ್ಟಿ ಇಟ್ಟಿದೆ. ಯಾರು ಬೇಕಾದರೂ ನೋಡಬಹುದು. ಅದರಲ್ಲಿ ನಮ್ಮ ದೇಶದ ಒಂದು ಕಂಪನಿಯೂ ಇಲ್ಲ. ನೇಪಾಳದ ಎಲ್ಲ ಕಂಪನಿಗಳೂ 2013ರ ಡಿಸೆಂಬರ್‌ನಿಂದ ಇವೆ. ಪಾಕಿಸ್ತಾನದ ಏರ್‌ಲೈನ್ ಪಿಐಎಯನ್ನು 2020ರಲ್ಲಿ ಯೂರೋಪಿಗೆ ಬರದಂತೆ ತಡೆದರು. ಅದಕ್ಕೂ ನಮ್ಮ ರಾಜಕೀಯಕ್ಕೂ ಸಂಬಂಧ ಇಲ್ಲ. ಆ ವರ್ಷದ ಮೇ 22ಕ್ಕೆ ಕರಾಚಿಯಲ್ಲಿ ವಿಮಾನ ಬಿತ್ತು. ತಿಂಗಳು ಕಳೆಯುತ್ತಿದ್ದಂತೆ ಅಲ್ಲಿನ ವಿಮಾನಯಾನ ಮಂತ್ರಿಯೇ ಸಂಸತ್ತಿನಲ್ಲಿ ಎದ್ದು, ದೇಶದ 860 ಪೈಲಟ್‌ಗಳಲ್ಲಿ 262 ಜನರ ಪರೀಕ್ಷೆ ಅನುಮಾನ ಅಂದುಬಿಟ್ಟರು. ಆಮೇಲೆ ಯಾರು ತಾನೇ ಬಿಡುತ್ತಾರೆ? ನಾಲ್ಕು ವರ್ಷ ಬಿಟ್ಟು 2024ರ ನವೆಂಬರ್‌ನಲ್ಲಿ ತಡೆ ತೆಗೆದರು.

ಆ ಪಟ್ಟಿ ನೋಡುವಾಗ ಕಂಪನಿಗಿಂತ ದೇಶ ನೋಡಿ. ಅಲ್ಲಿನ ನಿಯಂತ್ರಣ ಇಲಾಖೆಗೆ ಹಲ್ಲು ಇದೆಯಾ ಇಲ್ಲವಾ ಅನ್ನುವುದು ಮುಖ್ಯ. ನಮ್ಮ ದೇಶದ ನಿಯಂತ್ರಣ ಇಲಾಖೆ ಡಿಜಿಸಿಎಗೂ 2014ರ ಜನವರಿಯಲ್ಲಿ ಅಮೆರಿಕದವರು ದರ್ಜೆ ಇಳಿಸಿದ್ದರು. ತಪಾಸಣೆ ಮಾಡುವ ನುರಿತ ಜನ ಸಾಲದು ಅನ್ನುವುದು ದೊಡ್ಡ ದೂರು. 2015ರ ಏಪ್ರಿಲ್‌ನಲ್ಲಿ ದರ್ಜೆ ವಾಪಸ್ ಬಂತು. ಈಗಲೂ ಡಿಜಿಸಿಎಯಲ್ಲಿ ಹತ್ತಿರ ಅರ್ಧ ಹುದ್ದೆ ಖಾಲಿ ಅಂತ 2025ರಲ್ಲಿ ಸಂಸತ್ತಿನ ಸಮಿತಿಯೇ ಹೇಳಿದೆ. ಬಾಯ್ಕಾಟ್ ಅಂತ ಕೂಗುವವರು ಇದಕ್ಕೂ ಸ್ವಲ್ಪ ಗಂಟಲು ಇಟ್ಟುಕೊಳ್ಳಿ.

ಇನ್ನು ನಿಮ್ಮ ಇಸ್ತಾನ್‌ಬುಲ್ ಟಿಕೆಟ್. ಮುಂಬೈ–ಇಸ್ತಾನ್‌ಬುಲ್ ಇಂಡಿಗೋ ಅಂತ ಬರೆದಿರುತ್ತದೆ, ಹೌದು. ಆದರೆ ಆ ದಾರಿಗೆ ಇಂಡಿಗೋ ಟರ್ಕಿಶ್ ಏರ್‌ಲೈನ್ಸ್‌ನಿಂದಲೇ ಬೋಯಿಂಗ್ 777 ಬಾಡಿಗೆಗೆ ತಂದಿದೆ. ಪೈಲಟ್‌ಗಳೂ ಅವರ ಕಡೆಯವರು. ಮದುವೆಗೆ ಬಸ್ ಬಾಡಿಗೆ ತಂದ ಹಾಗೆ: ಮುಂದೆ ಬ್ಯಾನರ್ ನಮ್ಮದು, ಸ್ಟೇರಿಂಗ್ ಹಿಡಿದವನು ಅವರ ಕಡೆಯವನು. 2025ರ ಆಗಸ್ಟ್ 31ಕ್ಕೆ ಮುಗಿಸಿ ಅಂತ ಡಿಜಿಸಿಎ ಹೇಳಿತ್ತು, ಆಮೇಲೆ 2026ರ ಫೆಬ್ರುವರಿವರೆಗೆ ಮತ್ತೆ ಸಮಯ ಕೊಟ್ಟಿತು. ಟಿಕೆಟ್ ಮಾಡುವ ಮೊದಲು "ಆಪರೇಟೆಡ್ ಬೈ" ಅನ್ನುವ ಸಣ್ಣ ಅಕ್ಷರದ ಸಾಲು ಓದಿ. ಬಾಯ್ಕಾಟ್ ಮಾಡುವವರಿಗೂ ಅದೇ ಸಾಲು, ಸೇಫ್ಟಿ ನೋಡುವವರಿಗೂ ಅದೇ ಸಾಲು.

ಮದ್ದೂರ್_ಹುಡುಗ

ಸಾರ್, ಈಗಲೇ ತೆಗೆದು ನೋಡಿದೆ. ಬೂದು ಬಣ್ಣದಲ್ಲಿ, ಇರುವೆ ಗಾತ್ರದಲ್ಲಿ ಬರೆದಿದ್ದಾರೆ. ಅಪ್ಪನಿಗೆ ತೋರಿಸಿದೆ. "ಅಂದರೆ ಎರಡು ಸಲ ಟರ್ಕಿ ವಿಮಾನ ಹತ್ತಬೇಕಾ?" ಅಂದರು.

ಕಾಳಿದಾಸ_ರೋಡ್

ಹಳೇ ಹ್ಯಾಂಗರ್ ಸಾರ್ ಬರೆದದ್ದು ತುಂಬಾ ಚೆನ್ನಾಗಿದೆ. ಆದರೆ ರಾಜಕೀಯ ಬೇರೆ, ಸೇಫ್ಟಿ ಬೇರೆ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಮಲೇಷಿಯಾದ ಎಂಎಚ್17 ನೆನಪಿದೆಯಾ? 2014ರ ಜುಲೈ 17. ಆಮ್‌ಸ್ಟರ್‌ಡ್ಯಾಮ್‌ನಿಂದ ಕೌಲಾಲಂಪುರಕ್ಕೆ ಹೊರಟಿತ್ತು. ವಿಮಾನ ಚೆನ್ನಾಗಿತ್ತು, ಪೈಲಟ್‌ಗಳು ಚೆನ್ನಾಗಿದ್ದರು. ಪೂರ್ವ ಯುಕ್ರೇನ್ ಮೇಲೆ "ಬುಕ್" ಅನ್ನುವ ಕ್ಷಿಪಣಿ ಬಡಿದು 298 ಜನ ಹೋದರು. ಅಲ್ಲಿನ ಆಕಾಶವನ್ನು 32,000 ಅಡಿವರೆಗೆ ಮಾತ್ರ ಮುಚ್ಚಿದ್ದರು. ಆ ವಿಮಾನ ಇದ್ದದ್ದು 33,000 ಅಡಿಯಲ್ಲಿ. ನಿಯಮದ ಪ್ರಕಾರ ಏರ್‌ಲೈನ್‌ನವರ ತಪ್ಪೇನೂ ಇಲ್ಲ! ಆ ಒಂದೇ ದಿನ ಅದೇ ಜಾಗದ ಮೇಲೆ 160 ವಿಮಾನ ಹಾರಿದ್ದವು ಅಂತ ಡಚ್ ತನಿಖೆ ಹೇಳುತ್ತದೆ. ಆ ಹೊತ್ತಿಗೆ ಹತ್ತಿರದಲ್ಲೇ ಇದ್ದ ಮೂರು ವಿಮಾನಗಳಲ್ಲಿ ಒಂದು ನಮ್ಮ ಏರ್ ಇಂಡಿಯಾದ್ದು. ಗೊತ್ತಾದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

2020ರ ಜನವರಿ 8ಕ್ಕೆ ಟೆಹ್ರಾನ್‌ನಿಂದ ಏರಿದ ಯುಕ್ರೇನ್ ವಿಮಾನವನ್ನು ಇರಾನ್ ಸೇನೆಯೇ ಹೊಡೆದು ಬೀಳಿಸಿತು, 176 ಜನ. ಅದಕ್ಕೆ ಕೆಲವೇ ಗಂಟೆ ಮೊದಲು ಇರಾನ್ ಇರಾಕ್‌ನಲ್ಲಿದ್ದ ಅಮೆರಿಕ ನೆಲೆಗಳ ಮೇಲೆ ಕ್ಷಿಪಣಿ ಬಿಟ್ಟಿತ್ತು, ಆದರೂ ಏರ್‌ಪೋರ್ಟ್ ಮುಚ್ಚಿರಲಿಲ್ಲ. 2024ರ ಡಿಸೆಂಬರ್ 25ಕ್ಕೆ ಅಜರ್‌ಬೈಜಾನ್ ವಿಮಾನ ಗ್ರೋಜ್ನಿಗೆ ಹೋಗುವಾಗ ರಷ್ಯಾದ ಕ್ಷಿಪಣಿಗಳಿಂದ ಪೆಟ್ಟು ತಿಂದು ಕಜಕಿಸ್ತಾನದಲ್ಲಿ ಬಿತ್ತು, 38 ಜನ ಹೋದರು. 2021ರಲ್ಲಿ ಬೆಲಾರುಸ್ ಸರ್ಕಾರ ಬಾಂಬ್ ಇದೆ ಅಂತ ಸುಳ್ಳು ಹೇಳಿ ರಯಾನ್‌ಏರ್ ವಿಮಾನವನ್ನು ಮಿನ್ಸ್ಕ್‌ನಲ್ಲಿ ಇಳಿಸಿ, ಒಳಗಿದ್ದ ಪತ್ರಕರ್ತನನ್ನು ಹಿಡಿದುಕೊಂಡಿತು. ಇವೆಲ್ಲ ರಾಜಕೀಯವೋ, ಸೇಫ್ಟಿಯೋ?

ನನ್ನ ಲೆಕ್ಕ ಇಷ್ಟು. ಕಂಪನಿ ಯಾವ ದೇಶದ್ದು ಅನ್ನುವುದಕ್ಕಿಂತ ಅದು ಯಾವ ದೇಶದ ಮೇಲೆ ಹಾರುತ್ತದೆ ಅಂತ ನೋಡಬೇಕು.

ಹಳೇ_ಹ್ಯಾಂಗರ್

ಒಳ್ಳೆಯ ಮಾತು ಹೇಳಿದಿರಿ. ದಾರಿ ವಿಷಯ ನಾನು ಸೇರಿಸಬೇಕಿತ್ತು. ಇದರಲ್ಲಿ ನಮ್ಮ ಕಂಪನಿಗಳ ಪಾಡೂ ಸುಲಭ ಅಲ್ಲ. 2025ರ ಏಪ್ರಿಲ್ 24ರಿಂದ ಪಾಕಿಸ್ತಾನದ ಆಕಾಶ ನಮ್ಮ ವಿಮಾನಗಳಿಗೆ ಬಂದ್. ಯೂರೋಪಿಗೆ ಸುತ್ತು ಹಾಕಿ ಹೋಗಬೇಕು. ಬೇರೆ ದೇಶದವರಿಗೆ ಆ ತೊಂದರೆ ಇಲ್ಲ.

ಹಾಗೇ ರಷ್ಯಾ. ಯೂರೋಪ್ ಒಕ್ಕೂಟದ ಕಂಪನಿಗಳು 2022ರಿಂದ ರಷ್ಯಾ ಮೇಲೆ ಹಾರುವುದಿಲ್ಲ, ಏರ್ ಇಂಡಿಯಾ ಹಾರುತ್ತದೆ. 2023ರ ಜೂನ್‌ನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನದ ಎಂಜಿನ್ ತೊಂದರೆ ಕೊಟ್ಟು ಮಗದಾನ್ ಅನ್ನುವ ಊರಿನಲ್ಲಿ ಇಳಿಯಿತು. ಮುದುಕರು, ಮಕ್ಕಳು ಎಲ್ಲರೂ ಶಾಲೆ, ಹಾಸ್ಟೆಲ್‌ಗಳಲ್ಲಿ ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮಂಡಿ ನೋವಿನ ಅಮ್ಮನನ್ನು ಅಲ್ಲಿ ಇಟ್ಟು ಯೋಚಿಸಿ ನೋಡಿ. ಹ್ಯಾಂಬರ್ಗ್ ದಾರಿಗೆ ಈ ಮಾತು ಬರುವುದಿಲ್ಲ, ಅಮೆರಿಕಕ್ಕೆ ಕಳಿಸುವವರಿಗೆ ಇರಲಿ ಅಂತ ಬರೆದೆ.

ಗೆಜ್ಜಲಗೆರೆ_ಗಾಡಿ

ಭಾವ ಬೋಯಿಂಗ್ ಬೇಡ ಅನ್ನುವುದು ಯಾಕೆ? ಹ್ಯಾಂಬರ್ಗ್‌ನಲ್ಲಿ ಏರ್‌ಬಸ್ ಫ್ಯಾಕ್ಟರಿ ಇದೆ ಅಂತ ಕೇಳಿದ್ದೆ. ಅಲ್ಲೇ ಕೆಲಸವಾ?

ಮದ್ದೂರ್_ಹುಡುಗ

ಇಲ್ಲ ಅಣ್ಣ, ಅವರದು ಬ್ಯಾಂಕ್ ಸಾಫ್ಟ್‌ವೇರ್. ಆದರೆ ಮನೆ ಫಿಂಕನ್‌ವೆರ್ಡರ್ ಪಕ್ಕ. ಬಾಲ್ಕನಿಯಿಂದ ಹೊಸ ಏರ್‌ಬಸ್ ಏರುವುದು ಕಾಣುತ್ತದಂತೆ. ಗಾಳಿ ಸೋಕಿರಬೇಕು.

ಹಳೇ_ಹ್ಯಾಂಗರ್

ಅವರ ಭಯಕ್ಕೆ ಕಾರಣ ಇಲ್ಲದೇ ಇಲ್ಲ. 737 ಮ್ಯಾಕ್ಸ್‌ನಲ್ಲಿ 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ 189, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ 157 ಜನ ಸತ್ತರು. ಎಂಸಿಎಎಸ್ ಅನ್ನುವ ಸಾಫ್ಟ್‌ವೇರ್ ಒಂದೇ ಸೆನ್ಸರ್‌ನ ಮಾತು ನಂಬಿ ವಿಮಾನದ ಮೂಗನ್ನು ಮತ್ತೆ ಮತ್ತೆ ಕೆಳಗೆ ತಳ್ಳಿತು. ಅಂಥದ್ದೊಂದು ಇದೆ ಅನ್ನುವುದೇ ಪೈಲಟ್‌ಗಳ ಕೈಪಿಡಿಯಲ್ಲಿ ಸರಿಯಾಗಿ ಇರಲಿಲ್ಲ. ಅದು ಕಂಪನಿ ಮಾಡಿದ ದ್ರೋಹ, ನಾನು ಮೆತ್ತಗೆ ಹೇಳುವುದಿಲ್ಲ. ಆಮೇಲೆ ಎಲ್ಲ ಮ್ಯಾಕ್ಸ್‌ಗಳನ್ನೂ ನಿಲ್ಲಿಸಿ, ತಿದ್ದಿ, 2021ರ ಆಗಸ್ಟ್‌ನಲ್ಲಿ ನಮ್ಮ ದೇಶದಲ್ಲಿ ಬಿಟ್ಟರು. ಬೆಂಗಳೂರಿನಿಂದ ಯೂರೋಪಿಗೆ ನೇರ ಹೋಗುವುದು ಮ್ಯಾಕ್ಸ್ ಅಲ್ಲ, ದೊಡ್ಡ ವಿಮಾನ.

ಏರ್‌ಬಸ್ ಆದರೆ ಏನೂ ಆಗಲ್ಲ ಅಂತಲೂ ಅಲ್ಲ. 1990ರ ಫೆಬ್ರುವರಿ 14ಕ್ಕೆ ಬೆಂಗಳೂರು ಎಚ್‌ಎಎಲ್ ಏರ್‌ಪೋರ್ಟ್ ಪಕ್ಕ ಗಾಲ್ಫ್ ಮೈದಾನದಲ್ಲಿ ಬಿದ್ದದ್ದು ಏರ್‌ಬಸ್ ಎ320. 146 ಜನರಲ್ಲಿ 92 ಜನ ಸತ್ತರು. ಆಗ ಆ ವಿಮಾನ ನಮ್ಮಲ್ಲಿಗೆ ಹೊಸದು.

ಅಹಮದಾಬಾದ್ ಬಗ್ಗೆ ನಿಮ್ಮ ತಾಯಿಗೆ ಏನು ಹೇಳುವುದು ಅಂತ ನನಗೂ ಕಷ್ಟ. 2025ರ ಜೂನ್ 12. ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರು ಉಳಿದರು. ನೆಲದ ಮೇಲಿದ್ದವರೂ ಸೇರಿ 260 ಜನ ಹೋದರು. ಪ್ರಾಥಮಿಕ ವರದಿ ಹೇಳುವುದು ಇಷ್ಟೇ: ಏರಿದ ತಕ್ಷಣ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್ ಒಂದು ಸೆಕೆಂಡಿನ ಅಂತರದಲ್ಲಿ "ರನ್"ನಿಂದ "ಕಟ್‌ಆಫ್"ಗೆ ಹೋದವು. ಯಾಕೆ ಕಟ್ ಮಾಡಿದೆ ಅಂತ ಒಬ್ಬ ಪೈಲಟ್ ಕೇಳುತ್ತಾರೆ. ನಾನು ಮಾಡಿಲ್ಲ ಅಂತ ಇನ್ನೊಬ್ಬರು ಅನ್ನುತ್ತಾರೆ. ಅದಕ್ಕಿಂತ ಮುಂದೆ ಟಿವಿಯವರು ಹೇಳಿದ್ದೆಲ್ಲ ಊಹೆ. ಆ ಬೋಯಿಂಗ್ 787 ಮಾದರಿ ಪ್ರಯಾಣಿಕರನ್ನು ಹೊತ್ತು ಹಾರಲು ಶುರುವಾದದ್ದು 2011ರಲ್ಲಿ, ಜೀವ ತೆಗೆದ ಅಪಘಾತ ಅದಕ್ಕೆ ಇದೇ ಮೊದಲು. ಆದರೆ ಆ ವಿಡಿಯೊ ನೋಡಿದ ತಾಯಿಗೆ ಈ ಲೆಕ್ಕ ಹೇಳಿ ಪ್ರಯೋಜನ ಇಲ್ಲ. ಭಯ ಇರುವ ವಿಮಾನದಲ್ಲಿ ಹತ್ತು ಗಂಟೆ ಕೂರಿಸುವುದು ಯಾಕೆ? ಬೇರೆ ದಾರಿ ಇದೆಯಲ್ಲ.

ಕಾವೇರಿ_ಬಲದಂಡೆ

ನಮ್ಮ ದೊಡ್ಡಪ್ಪನ ಮನೆಯವರಿಗೆ ಮಂಗಳೂರು ಅಪಘಾತದಲ್ಲಿ ಗುರುತಿನವರು ಹೋದರು. 2010ರ ಮೇ 22. ದುಬೈನಿಂದ ಬಂದದ್ದು, 158 ಜನ. ಕ್ಯಾಪ್ಟನ್ ದಾರಿಯಲ್ಲಿ ತುಂಬಾ ಹೊತ್ತು ನಿದ್ದೆ ಮಾಡಿದ್ದರು, ಎದ್ದ ಮಂಪರಿನಲ್ಲಿ ತಪ್ಪಾಗಿ ಇಳಿಸಿದರು ಅಂತ ತನಿಖೆಯಲ್ಲಿ ಬಂತು. ಕೋ-ಪೈಲಟ್ ಮೇಲೇರೋಣ ಅಂತ ಹೇಳುತ್ತಲೇ ಇದ್ದರಂತೆ. ನನಗಂತೂ ಯಾವ ದೇಶದ ಕಂಪನಿ ಅನ್ನುವುದಕ್ಕಿಂತ ಪೈಲಟ್‌ಗೆ ನಿದ್ದೆ ಸಿಕ್ಕಿದೆಯಾ ಅನ್ನುವುದೇ ದೊಡ್ಡದು.

ಹಳೇ_ಹ್ಯಾಂಗರ್

ಹೌದು ಮೇಡಂ. ಆ ಮಾತಿಗೇ ಹೊಸ ನಿಯಮ ಬಂತು. ವಾರಕ್ಕೆ 36 ಗಂಟೆ ಇದ್ದ ವಿರಾಮ 48 ಆಯಿತು. ರಾತ್ರಿ ವಿಮಾನ ಇಳಿಸುವುದು ಆರು ಸಲದಿಂದ ಎರಡು ಸಲಕ್ಕೆ ಇಳಿಯಿತು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ವಿಮಾನ ರದ್ದಾದವಲ್ಲ, ಅದು ಇದಕ್ಕೇ. ನಿಯಮ ಬರುವುದು ಮೊದಲೇ ಗೊತ್ತಿತ್ತು, ಬೇಕಾದಷ್ಟು ಪೈಲಟ್‌ಗಳನ್ನು ಇಟ್ಟುಕೊಂಡಿರಲಿಲ್ಲ. ಜನ ಬೈದದ್ದು ನಿಯಮಕ್ಕೆ. ಬೈಯಬೇಕಾದದ್ದು ಬೇರೆಯವರಿಗೆ.

ಕುವೆಂಪುನಗರ_ಅಕ್ಕ

ನಾನು ಗಲ್ಫ್‌ನಲ್ಲಿ ನರ್ಸ್ ಆಗಿದ್ದವಳು. ನನ್ನ ಪಟ್ಟಿಯ ಬಗ್ಗೆ ಯಾರೂ ಮಾತೆತ್ತಲಿಲ್ಲ, ನಾನೇ ಹೇಳುತ್ತೇನೆ.

2020ರ ಅಕ್ಟೋಬರ್ 2ಕ್ಕೆ ದೋಹಾ ಏರ್‌ಪೋರ್ಟ್‌ನ ಶೌಚಾಲಯದಲ್ಲಿ ಯಾರೋ ಬಿಟ್ಟುಹೋದ ಹಸುಗೂಸು ಸಿಕ್ಕಿತು. ತಾಯಿ ಯಾರು ಅಂತ ಹುಡುಕಲು ಹೊರಡಬೇಕಿದ್ದ ಹತ್ತು ವಿಮಾನಗಳ ಹೆಂಗಸರನ್ನು ತಪಾಸಣೆಗೆ ಗುರಿ ಮಾಡಿದರು. ಎಷ್ಟೋ ಜನರನ್ನು ಕೆಳಗಿಳಿಸಿ, ಒಪ್ಪಿಗೆ ಕೇಳದೆ, ಬಟ್ಟೆ ಬಿಚ್ಚಿಸಿ ಪರೀಕ್ಷೆ ಮಾಡಿದರು. ಯಾಕೆ ಅಂತಲೂ ಹೇಳಲಿಲ್ಲ. ಆಸ್ಟ್ರೇಲಿಯಾದ ಹೆಂಗಸರು ಕೋರ್ಟಿಗೆ ಹೋದರು. ಕತಾರ್ ಸರ್ಕಾರ ಕ್ಷಮೆ ಕೇಳಿತು. ಪ್ರಶಸ್ತಿ ಮೇಲೆ ಪ್ರಶಸ್ತಿ ತಗೊಳ್ಳುವ ಏರ್‌ಪೋರ್ಟ್ ಅದು. ನನಗೆ ಆ ದಾರಿ ಬೇಡ. ಇದನ್ನು ರಾಜಕೀಯ ಅನ್ನಿ, ಸೇಫ್ಟಿ ಅನ್ನಿ, ನನಗೆ ಎರಡೂ ಒಂದೇ.

ಎಮಿರೇಟ್ಸ್ ಬಗ್ಗೆ ಕೇಳಿದರೆ: 2016ರ ಆಗಸ್ಟ್‌ನಲ್ಲಿ ತಿರುವನಂತಪುರದಿಂದ ಹೋದ ವಿಮಾನ ದುಬೈನಲ್ಲಿ ಇಳಿಯುವಾಗ ರನ್‌ವೇಗೆ ಅಪ್ಪಳಿಸಿ ಬೆಂಕಿ ಹತ್ತಿತು. ಒಳಗಿದ್ದ 300 ಜನರೂ ಬದುಕಿದರು. ಬೆಂಕಿ ಆರಿಸಲು ಬಂದ ಒಬ್ಬರು ತೀರಿಕೊಂಡರು. ಅಷ್ಟು ಜನರನ್ನು ಹೊರಗೆ ತಂದದ್ದು ಗಗನಸಖಿಯರು. ವಿಡಿಯೊದಲ್ಲಿ ನೋಡಿ, ಜನ ಮೇಲಿನಿಂದ ಬ್ಯಾಗ್ ಇಳಿಸಿಕೊಳ್ಳುತ್ತಿದ್ದಾರೆ, ಆ ಹುಡುಗಿಯರು ಬ್ಯಾಗ್ ಬಿಡಿ, ಹಾರಿ ಅಂತ ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ. ನಿಮ್ಮ ತಾಯಿಗೆ ಇದೊಂದು ಹೇಳಿಕೊಡಿ. ಏನೇ ಆದರೂ ಬ್ಯಾಗ್ ಕಡೆ ನೋಡಬಾರದು.

ಉದಯಗಿರಿಯಿಂದ

ಅಕ್ಕ, ದೋಹಾ ವಿಷಯ ನನಗೆ ಗೊತ್ತಿರಲಿಲ್ಲ. ತಂಗಿಗೆ ಓದಿ ಹೇಳಿದೆ. ಅವಳ ಟಿಕೆಟ್ ಅದೇ ದಾರಿಯಲ್ಲಿತ್ತು, ಬದಲಾಯಿಸು ಅಂತ ಕೂತಿದ್ದಾಳೆ.

ಟಿಕೆಟ್_ಅಂಗಡಿ

ಮೈಸೂರಿನಲ್ಲಿ ಟ್ರಾವೆಲ್ಸ್ ನಡೆಸುತ್ತೇನೆ. ಇಲ್ಲಿ ಯಾವ ಕಂಪನಿಗೂ ಮಾರ್ಕೆಟಿಂಗ್ ಮಾಡಲ್ಲ, ಬಿಡಿ. ಕೌಂಟರಿನಿಂದ ಕಂಡದ್ದು ಹೇಳುತ್ತೇನೆ.

ಬಾಯ್ಕಾಟ್ ಮಾಡುವುದಾದರೆ ಟಿಕೆಟ್ ಮಾಡಿಸುವ ಮೊದಲು ಮಾಡಿ. 2025ರ ಮೇನಲ್ಲಿ ಟರ್ಕಿ, ಅಜರ್‌ಬೈಜಾನ್ ಪ್ಯಾಕೇಜು ರದ್ದು ಮಾಡಿಸಲು ಜನ ಸಾಲುಗಟ್ಟಿ ಬಂದರು. ಆ ವಾರ ಎರಡೂ ದೇಶಗಳ ಬುಕಿಂಗ್ ಶೇ 60 ಇಳಿದಿದೆ ಅಂತ ಮೇಕ್‌ಮೈಟ್ರಿಪ್ ಕೂಡ ಹೇಳಿತ್ತು. ಆದರೆ ವಿಮಾನ ಮಾಮೂಲಿನಂತೆ ಹಾರುತ್ತಿತ್ತಲ್ಲ, ಕ್ಯಾನ್ಸಲ್ ಮಾಡಿದವರು ನಾವು. ನಮ್ಮ ದೇಶಭಕ್ತಿಗೆ ಕ್ಯಾನ್ಸಲೇಷನ್ ಚಾರ್ಜ್ ಮಾಫಿ ಇಲ್ಲ. ಒಬ್ಬರು ಕೌಂಟರಿನಲ್ಲಿ ಕೂತು ಚಾರ್ಜ್ ಎಷ್ಟು ಅಂತ ಕೇಳಿ, ಒಂದು ಲೋಟ ನೀರು ಕುಡಿದು, "ಹಾಗಾದರೆ ಹೋಗಿಬಂದ ಮೇಲೆ ಬಾಯ್ಕಾಟ್ ಮಾಡುತ್ತೇನೆ" ಅಂದರು.

ಗಲ್ಫ್ ಬಗ್ಗೆ ಚಿಕ್ಕಪ್ಪ ಹೇಳುವುದು ಪೂರ್ತಿ ಸುಳ್ಳಲ್ಲ. 2025ರ ಜೂನ್ 23ರ ರಾತ್ರಿ ಇರಾನ್ ಕತಾರ್‌ನಲ್ಲಿದ್ದ ಅಮೆರಿಕ ನೆಲೆಗೆ ಕ್ಷಿಪಣಿ ಬಿಟ್ಟಾಗ ಆಕಾಶ ಕೆಲವು ಗಂಟೆ ಬಂದ್ ಆಯಿತು. ಹೊರಟ ವಿಮಾನಗಳು ಎಲ್ಲೆಲ್ಲೋ ಇಳಿದವು. ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಆದರೆ ನನ್ನ ಗಿರಾಕಿ ಒಬ್ಬರು, ವಯಸ್ಸಾದವರು, ಭಾಷೆ ಬಾರದ ಏರ್‌ಪೋರ್ಟ್‌ನಲ್ಲಿ ಬಿಪಿ ಮಾತ್ರೆ ಮುಗಿದು ಒದ್ದಾಡಿದರು. ವಯಸ್ಸಾದವರಿಗೆ ನಾನು ನೋಡುವ ರಿಸ್ಕ್ ಇದು: ಬೀಳುವುದಲ್ಲ, ಸಿಕ್ಕಿಕೊಳ್ಳುವುದು. ಮಾತ್ರೆ ವಾರಕ್ಕಾಗುವಷ್ಟು ಕೈಚೀಲದಲ್ಲಿ ಇರಲಿ, ಡಾಕ್ಟರ್ ಚೀಟಿ ಜೊತೆಗೆ.

ಎಲ್ಲ ವಿಮಾನಗಳೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಮೊದಲನೆಯದು ತಡವಾದಾಗ ಎರಡನೆಯದರವರು ಕೈ ಎತ್ತುತ್ತಾರೆ. ವೀಲ್‌ಚೇರ್ ಈಗಲೇ ಹಾಕಿಸಿ. ಮೂರು ವಿಮಾನ ಹತ್ತುವ ದಾರಿಯಲ್ಲಿ ಪ್ರತಿ ಕಡೆಯೂ ವೀಲ್‌ಚೇರ್‌ಗೆ ಕಾಯಬೇಕು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಗೆಜ್ಜಲಗೆರೆ_ಗಾಡಿ

ಬಾಣಂತನ ಅಂದ ಮೇಲೆ ಅಮ್ಮ ಕೊಬ್ಬರಿ ಕಟ್ಟಿರಬೇಕಲ್ಲ?

ಮದ್ದೂರ್_ಹುಡುಗ

ತಿಪಟೂರಿನಿಂದ ತರಿಸಿದ್ದಾರೆ. ಗಿಟುಕು ಒಂದು ಚೀಲ. ಅಂಟು, ಮೆಂತ್ಯ, ಶುಂಠಿ ಪುಡಿ, ಮನೆ ತುಪ್ಪ ಎಲ್ಲ ಇದೆ.

ಟಿಕೆಟ್_ಅಂಗಡಿ

ಗಿಟುಕು ಬೇಡವೇ ಬೇಡ. ಒಣಕೊಬ್ಬರಿ ವಿಮಾನದ ನಿಯಮದಲ್ಲಿ ತಾನಾಗಿ ಬಿಸಿಯಾಗಿ ಬೆಂಕಿ ಹತ್ತಬಹುದಾದ ಸರಕು. ಎಣ್ಣೆ ಅಂಶ ಅಷ್ಟಿದೆ. ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ಎಕ್ಸ್‌ರೇಯಲ್ಲಿ ಕಂಡ ತಕ್ಷಣ ಬ್ಯಾಗ್ ತೆಗೆಸುತ್ತಾರೆ. ಅಂಟು, ಕೊಬ್ಬರಿ ಅಲ್ಲೇ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಅಕ್ಕನಿಗೆ ತರಿಸಿಡಲು ಹೇಳಿ. ತುಪ್ಪವನ್ನೂ ಬಿಡಿ, ಹಾಲಿನ ಪದಾರ್ಥ ಹೊರಗಿನಿಂದ ಯೂರೋಪ್ ಒಕ್ಕೂಟದೊಳಗೆ ತರುವ ಹಾಗಿಲ್ಲ. ಪವರ್ ಬ್ಯಾಂಕ್ ಇದ್ದರೆ ಕೈಯಲ್ಲಿ, ದೊಡ್ಡ ಬ್ಯಾಗ್‌ನಲ್ಲಿ ಅಲ್ಲ.

ಇಡೀ ಮನೆ ಏರ್‌ಲೈನ್ ಸೇಫಾ ಅಂತ ಜಗಳ ಆಡುತ್ತಿದ್ದರೆ ಬೆಂಕಿ ಹತ್ತುವ ಸರಕು ನಿಮ್ಮ ಚೀಲದಲ್ಲೇ ಕೂತಿದೆ ನೋಡಿ!

ಮದ್ದೂರ್_ಹುಡುಗ

ಅಮ್ಮ ನಂಬುತ್ತಿಲ್ಲ. "ಕೊಬ್ಬರಿಗೆ ಬೆಂಕಿ ಹತ್ತುತ್ತಾ?" ಅಂತ ನನ್ನನ್ನೇ ಬೈದರು.

ಕಾಳಿದಾಸ_ರೋಡ್

ಹತ್ತಿಸಿ ತೋರಿಸಿ, ಚೆನ್ನಾಗಿ ಉರಿಯುತ್ತದೆ.

ಒಂದು ಅಂಕಿ ಹೇಳಿ ಸುಮ್ಮನಾಗುತ್ತೇನೆ. 2018ರಿಂದ 2022ರವರೆಗೆ ಲೋಕದಲ್ಲೆಲ್ಲ ಲೆಕ್ಕ ಹಾಕಿದ ಎಂಐಟಿ ಪ್ರೊಫೆಸರ್ ಒಬ್ಬರ ಪ್ರಕಾರ, ವಿಮಾನ ಹತ್ತಿದ 1.37 ಕೋಟಿ ಜನರಲ್ಲಿ ಒಬ್ಬರಿಗೆ ಸಾವು. ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷ ಸತ್ತವರು 1,68,491. ಮದ್ದೂರಿನಿಂದ ದೇವನಹಳ್ಳಿಗೆ ಹೋಗುವುದು ಹೇಗೆ ಅಂತ ಯಾರೂ ಕೇಳಲಿಲ್ಲ. ಬೆಂಗಳೂರು–ಮೈಸೂರು ಹೈವೇಯಲ್ಲಿ ಸಾವು ಜಾಸ್ತಿಯಾಗಿ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರಾಕ್ಟರ್‌ಗಳನ್ನೇ ತಡೆದರು. ಸ್ಪೀಡ್ ಮಿತಿ ನೂರು, ಕ್ಯಾಮೆರಾ ಹಾಕಿದ್ದಾರೆ. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನ ಡ್ರೈವರ್ ಜೊತೆ ಕಳಿಸಬೇಡಿ. ಕೆಎಸ್‌ಆರ್‌ಟಿಸಿ ಫ್ಲೈಬಸ್‌ನಲ್ಲಿ ಕಳಿಸಿ.

ಸಕ್ಕರೆ_ನಾಡು

ನಮ್ಮ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್ ದೊಡ್ಡದಾಗಿದ್ದರೆ ಈ ತಾಪತ್ರಯವೇ ಇರಲಿಲ್ಲ. 1,740 ಮೀಟರ್ ರನ್‌ವೇ, ಎಟಿಆರ್ ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನ ಬಿಟ್ಟು ದೊಡ್ಡದೇನೂ ಇಳಿಯಲ್ಲ. ಉದ್ದ ಮಾಡಲು ನಂಜನಗೂಡು ರೋಡು, ರೈಲ್ವೆ ಲೈನು ಅಡ್ಡ. ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ!

ನಿರ್ವಾಹಕ

ಮಂಡಕಳ್ಳಿಗೆ ಬೇರೆ ಚರ್ಚೆ ಇದೆ, ಅಲ್ಲಿ ಬೈಯಿರಿ.

ಮದ್ದೂರ್_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್ ಆಯಿತು. ಲುಫ್ತಾನ್ಸಾ, ಬೆಂಗಳೂರು–ಫ್ರಾಂಕ್‌ಫರ್ಟ್–ಹ್ಯಾಂಬರ್ಗ್, ಒಂದೇ ಪಿಎನ್‌ಆರ್. ವಿಮಾನ ಬದಲಾಯಿಸುವುದು ಒಂದೇ ಕಡೆ. ವೀಲ್‌ಚೇರ್ ಹಾಕಿಸಿದೆ. ಅಪ್ಪ "ಟರ್ಕಿಗೆ ಬುದ್ಧಿ ಕಲಿಸಿದೆ" ಅಂತ ಮದ್ದೂರು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಆದದ್ದು ಅಮ್ಮನ ಮಂಡಿಯಿಂದ. ಮೂವತ್ತೈದು ಸಾವಿರದಲ್ಲಿ ಅರ್ಧ ಭಾವ ಹಾಕಿದರು. ಆ ದಾರಿಗೆ ಬರುವ ವಿಮಾನ ಬೋಯಿಂಗ್ 747 ಅಂತ ಆಮೇಲೆ ಗೊತ್ತಾಯಿತು. ಅವರಿಗೆ ನಾನಂತೂ ಹೇಳಿಲ್ಲ.

ಹಳೇ_ಹ್ಯಾಂಗರ್

747 ಬಗ್ಗೆ ಚಿಂತೆ ಬೇಡ. ಲುಫ್ತಾನ್ಸಾದಲ್ಲಿ ಮುಷ್ಕರ ಆಗುವುದುಂಟು, ಅದೊಂದರ ಮೇಲೆ ಕಣ್ಣಿಡಿ. ಹೊರಡುವ ವಾರ ದಿನಕ್ಕೊಮ್ಮೆ ಮೆಸೇಜ್ ನೋಡಿ.

ಕಾವೇರಿ_ಬಲದಂಡೆ

ಹಳೇ ಹ್ಯಾಂಗರ್ ಸಾರ್, ನನ್ನದೊಂದು ಪ್ರಶ್ನೆ. ನೇಪಾಳದ ಎಲ್ಲ ಕಂಪನಿಗಳೂ ಆ ಪಟ್ಟಿಯಲ್ಲಿವೆ ಅಂದಿರಲ್ಲ. ನಮ್ಮ ಅತ್ತೆಯವರ ಭಜನಾ ಮಂಡಳಿ ಮೇನಲ್ಲಿ ಮುಕ್ತಿನಾಥಕ್ಕೆ ಹೊರಟಿದೆ. ಪ್ಯಾಕೇಜಿನಲ್ಲಿ ಪೋಖರಾದಿಂದ ಜೋಮ್‌ಸೋಮ್‌ಗೆ ಸಣ್ಣ ವಿಮಾನ ಅಂತ ಇದೆ.

ಹಳೇ_ಹ್ಯಾಂಗರ್

ಆ ವಿಮಾನ ಬಿಡಿ ಮೇಡಂ. 2022ರ ಮೇ 29ಕ್ಕೆ ಅದೇ ದಾರಿಯಲ್ಲಿ ತಾರಾ ಏರ್ ವಿಮಾನ ಬೆಟ್ಟಕ್ಕೆ ಬಡಿದು 22 ಜನ ಹೋದರು, ನಾಲ್ವರು ನಮ್ಮ ದೇಶದವರು. 2023ರ ಜನವರಿಯಲ್ಲಿ ಪೋಖರಾದಲ್ಲೇ ಯೇತಿ ಏರ್‌ಲೈನ್ಸ್‌ನ ಎಟಿಆರ್ ಬಿದ್ದು 72 ಜನ. ಮಂಡಕಳ್ಳಿಗೆ ಬರುವುದೂ ಎಟಿಆರೇ, ವಿಮಾನದ ದೋಷ ಅಲ್ಲ. ಅಲ್ಲಿ ಪೈಲಟ್ ಒಂದು ಲಿವರ್ ಎಳೆಯುವ ಬದಲು ಪಕ್ಕದ್ದನ್ನು ಎಳೆದರು, ಪ್ರೊಪೆಲ್ಲರ್‌ಗಳು ತಳ್ಳುವುದನ್ನೇ ನಿಲ್ಲಿಸಿದವು.

ಪೋಖರಾದಿಂದ ಜೀಪು ಹೋಗುತ್ತದೆ. ಇಡೀ ದಿನ ಹಿಡಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಜೂನ್ ಮಳೆ ಹತ್ತಿದ ಮೇಲೆ ಆ ರಸ್ತೆಯೂ ಕುಸಿಯುತ್ತದೆ, ಹಾಗಾಗಿ ಮೇ ಮೊದಲ ವಾರವೇ ಮುಗಿಸಲು ಹೇಳಿ. ಜೀಪಿಗೆ ಬದಲಾಯಿಸಿದರೆ ವಿಮಾನದ ದುಡ್ಡು ವಾಪಸ್ ಕೊಡುತ್ತಾರಾ ಅಂತ ಟ್ರಾವೆಲ್ಸ್‌ನವರನ್ನು ಅಡ್ವಾನ್ಸ್ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿ.